ಪಶ್ಚಿಮದ ಇಳಿಜಾರಿನ ಹನ್ನೊಂದು ಬಿಲಗಳು

ಹೋಹೆಪಾ ಅವರಿಗೆ ಈಗ ಎಪ್ಪತ್ತೆರಡು ವರ್ಷ. ಅದರಲ್ಲಿ ಐವತ್ತೆಂಟು ವರ್ಷ, ಏಪ್ರಿಲ್ ಬಂತೆಂದರೆ ಬ್ಲಫ್ ಬಂದರಿನಲ್ಲಿ ದೋಣಿ ಹತ್ತಿ, ನ್ಯೂಜಿಲೆಂಡಿನ ದಕ್ಷಿಣ ತುದಿಯಾಚೆ ಮೂಲನಿವಾಸಿಗಳಾದ ತಮ್ಮ ಮನೆತನಕ್ಕೆ ಹಕ್ಕಿರುವ ಪುಟ್ಟ ದ್ವೀಪಕ್ಕೆ ಹೋಗಿದ್ದಾರೆ. ಅಲ್ಲಿ ಅವರ ಕೆಲಸ ತೀತಿ ಎಂಬ ಕಡಲಹಕ್ಕಿಯ ಮರಿ ಹಿಡಿಯುವುದು. ತೀತಿ ನೆಲದಲ್ಲಿ ಬಿಲ ತೋಡಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಹೋಹೆಪಾ ಒದ್ದೆ ಮಣ್ಣಿನ ಮೇಲೆ ಬೋರಲು ಮಲಗಿ, ತೋಳನ್ನು ಭುಜದವರೆಗೆ ಬಿಲದೊಳಗೆ ತೂರಿಸಿ, ಕೊಬ್ಬಿದ ಮರಿಯನ್ನು ಬೆರಳಲ್ಲೇ ಗುರುತಿಸುತ್ತಾರೆ. ಬಿಲ ತಿರುವಿಕೊಂಡು ಮರಿ ಕೈಗೆ ಎಟುಕದಿದ್ದರೆ, ಅದು ಕೂತಿರುವ ಜಾಗದ ನೇರ ಮೇಲೆ ಚಾಕುವಿನಿಂದ ನೆಲ ಕೊಯ್ದು ಕಿಂಡಿ ಮಾಡುತ್ತಾರೆ. ಮರಿ ಎತ್ತಿಕೊಂಡ ಮೇಲೆ ಕೊಯ್ದ ಹುಲ್ಲುಹೆಂಟೆಯನ್ನೇ ಕಿಂಡಿಗೆ ಬಿಗಿಯಾಗಿ ತುರುಕಿ ಮುಚ್ಚಬೇಕು. ದ್ವೀಪದಲ್ಲಿ ಮಕ್ಕಳ ಕೈಗೆ ಚಾಕು ಕೊಡುವ ಮೊದಲು ಕಲಿಸುವುದು ಇದನ್ನೇ.

ಮುಚ್ಚದಿದ್ದರೆ ಚಳಿಗಾಲದ ಮಳೆ ಬಿಲಕ್ಕೆ ಇಳಿಯುತ್ತದೆ. ಹಕ್ಕಿ ಮಾತ್ರ ಅದೇ ಬಿಲಕ್ಕೆ ಮರಳುತ್ತದೆ. ಏಪ್ರಿಲ್‌ನಲ್ಲಿ ದೊಡ್ಡ ಹಕ್ಕಿಗಳು ಮರಿಯನ್ನು ಬಿಟ್ಟು ಉತ್ತರಕ್ಕೆ ಹಾರುತ್ತವೆ, ಕೆಲವು ಜಪಾನಿನತ್ತ, ಕೆಲವು ಅಲಾಸ್ಕ, ಕ್ಯಾಲಿಫೋರ್ನಿಯಾಗಳತ್ತ. ಸಂಶೋಧಕರು ಹಕ್ಕಿಗಳ ಕಾಲಿಗೆ ಸಣ್ಣ ಯಂತ್ರ ಕಟ್ಟಿ ನೋಡಿದಾಗ, ಒಂದು ಹಕ್ಕಿ ವರ್ಷಕ್ಕೆ ಅರವತ್ತು ಸಾವಿರ ಕಿಲೋಮೀಟರಿನಷ್ಟು ಹಾರುವುದು ತಿಳಿಯಿತು. ರೆಕ್ಕೆಯನ್ನೇ ದೋಣಿಯ ಹುಟ್ಟಿನಂತೆ ಬೀಸುತ್ತ ಅದು ಕಡಲಲ್ಲಿ ಅರವತ್ತು ಮೀಟರ್ ಆಳಕ್ಕೂ ಮುಳುಗಬಲ್ಲದು. ಬಿಲದಲ್ಲಿ ಉಳಿದ ಮರಿ ಒಂದಷ್ಟು ದಿನ ಉಪವಾಸವಿದ್ದು, ದಾರಿ ತೋರಿಸುವವರಿಲ್ಲದೆ ತಾನೇ ಕಡಲಿಗೆ ಹೊರಡುತ್ತದೆ. ಸೆಪ್ಟೆಂಬರಿನ ಹೊತ್ತಿಗೆ, ಅಲ್ಲಿನ ವಸಂತದಲ್ಲಿ, ಮರಳಿ ಬಂದ ಹಕ್ಕಿ ಸಾವಿರಾರು ಬಿಲಗಳ ನಡುವೆ ತನ್ನದನ್ನು ಕತ್ತಲಲ್ಲೇ ಹುಡುಕಿಕೊಳ್ಳುತ್ತದೆ. ವಾಸನೆ ಹಿಡಿದು ಎನ್ನುತ್ತಾರೆ.

“ವಾಪಸ್ ಬರ್ತದೆ ಅಂತ ನಮಗೆ ಗೊತ್ತಿತ್ತು,” ಎನ್ನುತ್ತಾರೆ ಹೋಹೆಪಾ. “ಅಷ್ಟು ದೂರದಿಂದ ಬರ್ತದೆ ಅಂತ ಗೊತ್ತಿದ್ದಿದ್ರೆ ಇನ್ನೊಂಚೂರು ಮರ್ಯಾದೆ ಕೊಡ್ತಿದ್ವಿ.”

ಕಳೆದ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ಅವರ ತಂಗಿ ಕಟರೈನಾ ಪಶ್ಚಿಮದ ಇಳಿಜಾರಿಗೆ ಹೋಗಿ ಬಂದರು.

“ಅಣ್ಣ, ಅಲ್ಲಿ ಹನ್ನೊಂದು ಕಿಂಡಿ ಬಾಯಿ ಬಿಟ್ಕೊಂಡಿವೆ. ಹೋದ್ ವರ್ಷ ಕೊಯ್ದಿದ್ದು. ಬಿಲದೊಳಗೆಲ್ಲ ಕೆಸರು.”

ಹಿಂದಿನ ವರ್ಷ ಆ ಇಳಿಜಾರಿನಲ್ಲಿ ಕೆಲಸ ಮಾಡಿದವರು ಇಬ್ಬರೇ. ಒಬ್ಬರು ಹೋಹೆಪಾ, ಇನ್ನೊಬ್ಬಳು ಅವರ ಒಬ್ಬನೇ ಮಗ ತಮಾಟಿಯ ಹೆಂಡತಿ ನಡೀನ್. ಅವಳು ಓಮರು ಪಟ್ಟಣದ ಬಿಳಿಯರ ಮನೆಯ ಹುಡುಗಿ. ದ್ವೀಪಕ್ಕೆ ಬಂದದ್ದು ಅದೇ ಮೊದಲ ಸಲ. ಹೋಹೆಪಾ ಇಳಿಜಾರಿಗೆ ಹೋಗಿ, ನಿಂತಲ್ಲಿಂದಲೇ ಕಿಂಡಿಗಳನ್ನು ಎಣಿಸಿ ಬಂದರು. ಬಗ್ಗಿ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಮಧ್ಯಾಹ್ನ ಬೇಯಿಸಿದ ತೀತಿ, ಆಲೂಗಡ್ಡೆ. ಎಲ್ಲರೂ ಮೇಜಿನ ಸುತ್ತ ಇದ್ದರು.

“ಪೇಟೆಯವರಿಗೆ ಇದೊಂದು ಪಿಕ್ನಿಕ್ಕು,” ಹೋಹೆಪಾ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು. “ಹಕ್ಕಿ ಎಲ್ಲಿಂದಲೋ ಹಾರ್ಕೊಂಡು ಬಂದ್ರೆ ಮನೆಗೆ ಸೂರೇ ಇಲ್ಲ.”

“ಮಾವ, ನಾನು ಮುಚ್ಚಿದೀನಿ,” ಎಂದಳು ನಡೀನ್. “ಒಂದೊಂದನ್ನೂ.”

“ಹಂಗಾದ್ರೆ ನಾನು ಮುಚ್ಚಿಲ್ವಾ?”

ಕಟರೈನಾ ನಕ್ಕರು. “ಅವನು ಬಿಡ್ತಾನಾ? ಹೆಂಟೆ ಕೈಲಿ ಹಿಡ್ಕೊಂಡೇ ಹುಟ್ಟಿದೋನು ಕಣೆ ಅವನು.”

“ಅಪ್ಪ, ಸಾಕು ಬಿಡಿ,” ಎಂದ ತಮಾಟಿ.

“ನಾನೂ ಅದನ್ನೇ ಅಂತಿರೋದು, ಸಾಕು ಅಂತ. ನಾಳೆಯಿಂದ ಅವಳು ಪುಕ್ಕ ಕೀಳೋ ಗುಡಿಸಲಲ್ಲಿರ್ಲಿ.”

ನಡೀನ್ ಒಂಬತ್ತು ದಿನ ಗುಡಿಸಲಲ್ಲಿ ಕೂತು ಪುಕ್ಕ ಕಿತ್ತಳು, ಉಳಿದ ನವಿರು ಗರಿಯೂ ಬಿಟ್ಟುಬರಲೆಂದು ಮರಿಗಳನ್ನು ಬಿಸಿ ಮೇಣದಲ್ಲಿ ಅದ್ದಿ ತೆಗೆದಳು. ಹನ್ನೊಂದು ಕಿಂಡಿಯ ಸುದ್ದಿ ಅಷ್ಟರಲ್ಲಿ ದ್ವೀಪದ ಉಳಿದ ನಾಲ್ಕು ಮನೆಗಳಿಗೂ ಮುಟ್ಟಿತ್ತು, ಅವಳ ಹೆಸರಿನ ಜೊತೆಗೇ. ಒಂಬತ್ತನೆಯ ದಿನ ತಮಾಟಿ ಅಪ್ಪನನ್ನು ಹೊರಗೆ ಕರೆದು ಹೇಳಿದ, “ಮುಂದಿನ ವರ್ಷ ಅವಳು ಬರಲ್ಲ ಅಂತಿದಾಳೆ. ಅವಳು ಬರ್ದಿದ್ರೆ ನಾನೂ ಬರಲ್ಲ.”

ಮರುದಿನ ಬೆಳಿಗ್ಗೆ ಹೋಹೆಪಾ ಒಬ್ಬರೇ ಇಳಿಜಾರಿಗೆ ಹೋದರು. ಕಿಂಡಿಗಳನ್ನು ಮುಚ್ಚಿಬಿಟ್ಟರೆ ಮಾತೂ ಮುಚ್ಚಿಹೋಗಬಹುದು ಎಂದುಕೊಂಡಿದ್ದರಂತೆ. ಮೊದಲನೆಯದರ ಪಕ್ಕ ಮಂಡಿಯೂರಿ, ಬೆಳೆದ ಹುಲ್ಲಿನ ಕೆಳಗೆ ಅಂಚನ್ನು ಬೆರಳಿಂದ ಸವರಿದರು. ಮೂರು ಮೂಲೆ. ಮುಂದಿನದಕ್ಕೂ ಮೂರು. ಅದರ ಮುಂದಿನದಕ್ಕೂ.

ದ್ವೀಪದಲ್ಲಿ ಎಲ್ಲರೂ ನಾಲ್ಕು ಕಡೆ ಕೊಯ್ದು ಚೌಕದ ಕಿಂಡಿ ಮಾಡುತ್ತಾರೆ. ಮೂರೇ ಗೀಟು ಎಳೆಯುವುದು ಹೋಹೆಪಾ ಅವರ ತಂದೆಯ ರೀತಿ. ಈಗ ಹಾಗೆ ಕೊಯ್ಯುವವರು ಅವರೊಬ್ಬರೇ. ಹಿಂದಿನ ವರ್ಷ ಎರಡನೇ ವಾರದಲ್ಲಿ ಅವರ ಎಡಮಂಡಿ ಊದಿಕೊಂಡಿತ್ತು. ಮರಿ ಎತ್ತಿಕೊಂಡು ಒಮ್ಮೆ ಎದ್ದು ನಿಂತರೆ ಮತ್ತೆ ಕೂರಲಾಗದೆ, ಹೆಂಟೆಗಳನ್ನು ಬೂಟಿನ ತುದಿಯಿಂದ ದೂಡಿ ಮುಂದೆ ಹೋಗಿದ್ದರು. ಅವು ಕೂತಿವೆ ಎಂದುಕೊಂಡಿದ್ದರು.

ಆಮೇಲೆ ಮಾಡಿದ್ದನ್ನು ಅವರು ಯಾರೂ ಕೇಳದಿದ್ದರೂ ಹೇಳುತ್ತಾರೆ. ಹೇಳುವಾಗ ನೆಲ ನೋಡುತ್ತಾರೆ. ಸೊಂಟದ ಚಾಕು ತೆಗೆದು ಮೊದಲ ಕಿಂಡಿಗೆ ನಾಲ್ಕನೆಯ ಮೂಲೆ ಕೊಯ್ದರು. ಎರಡನೆಯದಕ್ಕೂ ಕೊಯ್ದರು. ಹೊಸ ಗಾಯ ಕಾಣದಂತೆ ಕೆಸರು ಮೆತ್ತಿದರು. ಮೂರನೆಯದರ ಅಂಚನ್ನು ಒಳಗಿನಿಂದ ಹಿಡಿದುಕೊಳ್ಳಲು ಎಡಗೈ ಇಳಿಸಿದಾಗ ಕೆಸರಿನಲ್ಲಿ ಏನೋ ತಗುಲಿತು. ಮೊಟ್ಟೆ. ಒಡೆದಿರಲಿಲ್ಲ, ತಣ್ಣಗೆ ಭಾರವಾಗಿತ್ತು. ಕಡಲು ಸುತ್ತಿ ಬಂದ ಹಕ್ಕಿ ತನ್ನ ಬಿಲ ಕೆಸರಾಗಿದ್ದರೂ ಅಲ್ಲೇ ಮೊಟ್ಟೆ ಇಟ್ಟಿತ್ತು.

ಅವರು ಚಾಕುವನ್ನು ಒರೆಗೆ ಹಾಕಿ ಗುಡಿಸಲಿಗೆ ನಡೆದರು. ನಡೀನ್, ತಮಾಟಿ, ಕಟರೈನಾ ಮೂವರೂ ಪುಕ್ಕ ಕೀಳುತ್ತಿದ್ದರು.

“ಆ ಕಿಂಡಿಗಳು ನನ್ನವು,” ಎಂದರು ಹೋಹೆಪಾ.

“ಯಾವ ಕಿಂಡಿ?” ಎಂದು ಕಟರೈನಾ ಕೇಳಿದರು.

“ಹನ್ನೊಂದೂ. ಮೂರು ಮೂಲೆಯವು. ಮಂಡಿ ನೋವು ಅಂತ ಹೆಂಟೆನ ಬೂಟಲ್ಲೇ ದೂಡಿ ಬಿಟ್ಟಿದ್ದೆ. ಹೋಗಿ ಕೈ ಹಾಕಿ ನೋಡು.” ಅವರೇ ಮುಂದುವರಿಸಿದರು. “ಒಂಬತ್ತಕ್ಕೆ ಮೂರು ಮೂಲೆ ಇದೆ. ಎರಡನ್ನ ಈಗ ಚೌಕ ಮಾಡಿ ಬಂದೆ.”

ನಡೀನ್‌ಳ ಕೈ ನಿಂತಿತು. “ಯಾಕೆ?”

“ನಿನ್ನವು ಅನ್ನಿಸ್ಲಿ ಅಂತ.”

ಕಟರೈನಾ, “ಥೂ, ಹೋಹೆಪಾ,” ಎಂದರು. ಅವರು ಅಣ್ಣನನ್ನು ಹೆಸರು ಹಿಡಿದು ಕರೆದದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

“ಮುಚ್ಚದೆ ಬಿಟ್ಟಿದ್ದಕ್ಕೆ ನನಗೇನೂ ಇಲ್ಲ ಮಾವ,” ಎಂದಳು ನಡೀನ್. “ಮಂಡಿನೋವು ಯಾರಿಗಾದ್ರೂ ಬರತ್ತೆ. ಆ ಎರಡಕ್ಕೆ ಏನು ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ.” ಮತ್ತೆ ಪುಕ್ಕ ಕೀಳತೊಡಗಿದಳು.

ಅಂದೇ ಹೋಹೆಪಾ ಉಳಿದ ನಾಲ್ಕು ಮನೆಗಳಿಗೂ ಹೋದರು. ಎಲ್ಲ ಕಡೆಯೂ ಅದೇ ಮಾತು ಹೇಳಿದರು, ಆ ಎರಡು ಕಿಂಡಿಗಳ ವಿಷಯ ಬಿಡದೆ. ನಾಲ್ಕೂ ಕಡೆ ಚಹಾ ಕೊಟ್ಟರು. ಒಬ್ಬ ಗೆಳೆಯ, “ವಯಸ್ಸಾಯ್ತು ಬಿಡೋ ಮಾರಾಯ,” ಎಂದು ಹೆಗಲು ತಟ್ಟಿದ. “ಚೌಕ ಕೊಯ್ಯೋವಾಗ ಏನೂ ವಯಸ್ಸಾಗಿರ್ಲಿಲ್ಲ,” ಎಂದು ಹೋಹೆಪಾ ಅವನ ಕೈ ಸರಿಸಿದರು. ಮರುದಿನ ಮಂಡಿಯೂರಿ ಹನ್ನೊಂದೂ ಕಿಂಡಿಗಳಿಗೆ ಹೆಂಟೆ ತುರುಕಿ ಮುಚ್ಚಿದರು.

ಈ ವರ್ಷ ಫೆಬ್ರವರಿಯಲ್ಲಿ, ದೋಣಿಗೆ ಹೆಸರು ಕೊಡುವ ಮೊದಲು, ಅವರು ಮಗನಿಗಲ್ಲ, ನಡೀನ್‌ಗೆ ಫೋನ್ ಮಾಡಿದರು.

“ಬರ್ತೀಯೇನಮ್ಮ?”

“ಬರ್ತೀವಿ. ಪಶ್ಚಿಮದ ಇಳಿಜಾರು ನಾನು ನೋಡ್ಕೋತೀನಿ. ನೀವು ಅಲ್ಲಿಗೆ ಬರೋದು ಬೇಡ.”

“ಪುಕ್ಕ ಕೀಳ್ಲಾ?”

“ಕೀಳಿ.”

ಏಪ್ರಿಲ್‌ನಲ್ಲಿ ಹೋಹೆಪಾ ಪುಕ್ಕದ ಗುಡಿಸಲಲ್ಲಿ ಕೂತರು. ಎರಡನೇ ವಾರ ಒಂದು ಮಧ್ಯಾಹ್ನ ಗೋಡೆಯಾಚೆ ನಡೀನ್ ತಮಾಟಿಗೆ ಹೇಳುವುದು ಅವರಿಗೆ ಕೇಳಿಸಿತು. ಹನ್ನೊಂದರಲ್ಲಿ ನಾಲ್ಕು ಬಿಲಗಳಲ್ಲಿ ಮರಿ ಇದೆಯಂತೆ, ಅವನ್ನು ಮುಟ್ಟದೆ ಬಿಟ್ಟು ಬಂದಳಂತೆ. ಉಳಿದ ಏಳರ ಬಗ್ಗೆ ಅವಳು ಹೇಳಲಿಲ್ಲ. ಹೋಹೆಪಾ ಕೇಳಲೂ ಇಲ್ಲ.