ಕೊನೆಯ ಸ್ಥಾನದ ಬ್ಯಾನರ್

ರೇಣುಕಾ, ನಿನಗೆ ಕಂಚಿನ ಪದಕ ಬಂದಿದೆ ಎಂದು ತಿಳವಳ್ಳಿ ಬಸ್ ನಿಲ್ದಾಣದಲ್ಲಿ ಬ್ಯಾನರ್ ಕಟ್ಟಿದವನು ನಾನು. ಊರವರಲ್ಲ — ನಿನ್ನ ಸ್ವಂತ ಅಣ್ಣ. ಸುಳ್ಳೆಂದು ಗೊತ್ತಾದ ಮೇಲೂ ಬಿಚ್ಚದೆ ಬಿಟ್ಟವನೂ ನಾನೇ. ಹಾನಗಲ್ಲಿನಲ್ಲಿ ಬ್ಯಾನರ್ ಮುದ್ರಿಸುವ ಅಣ್ಣನಿರುವಾಗ ನೀನು ಊಹಿಸಿಯೇ ಇರುತ್ತೀ. ಆದರೂ ನನ್ನ ಬಾಯಿಂದ ಬರಬೇಕಿತ್ತಲ್ಲ...

ಆ ದಿನ ಅಂಗಡಿಯಲ್ಲಿ ಎಲ್ಲರೂ ನನ್ನ ಮೊಬೈಲಿಗೆ ಮುಗಿಬಿದ್ದಿದ್ದೆವು. ಮಂಜುಗಡ್ಡೆಯ ಅಂಕಣದ ಮೇಲೆ ಭಾರತದ ಹೆಣ್ಣುಮಕ್ಕಳ ಸ್ಕೇಟಿಂಗ್ ರಿಲೇ. ಅಲ್ಲಿ ಕೈಗೆ ಕೋಲು ಕೊಡುವುದಿಲ್ಲ. ಹಿಂದಿನವಳು ಮುಂದಿನವಳನ್ನು ನೂಕಿ ಬಿಡಬೇಕು. ನೀನು ನೂಕಿದೆಯಲ್ಲ — ಅಬ್ಬಬ್ಬಾ! ಗೋವಿನಜೋಳ ಒಣಹಾಕುವ ಸಿಮೆಂಟ್ ಕಣದಲ್ಲಿ ಗಾಲಿ ಬೂಟು ಕಟ್ಟಿಕೊಂಡು ಬಿದ್ದೆದ್ದು ಕಲಿತವಳು! ಮೂರನೆಯವರಾಗಿ ಗೆರೆ ದಾಟಿದಿರಿ. ನಾನು ಆಗಲೇ ಬ್ಯಾನರ್ ಮುದ್ರಿಸಿದೆ. ಮನೆಯವರೇ ಹೊಗಳಿಕೊಂಡರೆ ಚೆಂದವಲ್ಲವೆಂದು ಕೆಳಗೆ ‘ಶುಭ ಕೋರುವವರು: ಸಮಸ್ತ ಗ್ರಾಮಸ್ಥರು’ ಎಂದು ಹಾಕಿದೆ.

ತಿಳವಳ್ಳಿಗೆ ಬಂದು ಅದನ್ನು ಕಟ್ಟಿ ಏಣಿಯಿಂದ ಇಳಿಯುವಷ್ಟರಲ್ಲಿ ನಿನ್ನ ಫೋನ್.

“ಅಣ್ಣಾ, ನಮ್ಮನ್ನ ತಗದ ಹಾಕ್ಯಾರ. ತಿರುವಿನ್ಯಾಗ ನಾ ಬ್ಯಾರೆ ತಂಡದಾಕಿಗೆ ಅಡ್ಡ ಬಂದೇನಂತ. ಪದಕ ಇಲ್ಲ.”

“ಇರ್ಲಿ ಬಿಡವಾ” ಎಂದೆ. ಬ್ಯಾನರಿನ ಸುದ್ದಿ ಎತ್ತಲಿಲ್ಲ. ಏಣಿ ಅಲ್ಲೇ ಇತ್ತು, ಮತ್ತೆ ಹತ್ತಬಹುದಿತ್ತು — ಆದರೆ ಜನ ನನ್ನ ಬಾಯಿಗೆ ಪೇಡೆ ಇಡುತ್ತಿದ್ದರು. ರಟ್ಟೀಹಳ್ಳಿಯ ಬೀಗರು ಫೋನ್ ಮಾಡಿ ಹೊಗಳುತ್ತಿದ್ದರು. ನನಗೆ ಅದು ಹಿತವಾಗಿತ್ತು.

ನೀನು ಊರಿಗೆ ಬಂದು ಬಸ್ಸಿಳಿದಾಗ ಊರವರು ನಿನ್ನ ತಲೆಗೆ ಪೇಟ ಸುತ್ತಿ, “ಪದಕ ತೋರ್ಸವಾ” ಎಂದರು. ನೀನು ಮೇಲೆ ಬ್ಯಾನರ್ ನೋಡಿದೆ, ಪೇಟ ಬಿಚ್ಚಿ ಕೈಗೆ ತೆಗೆದುಕೊಂಡೆ. “ಪದಕ ಬಂದಿಲ್ರಿ” ಎಂದೆ. ಆಮೇಲೆ ಹಿರೇಕೆರೂರಿನವರೆಗೂ ಒಂದೇ ಮಾತು — ಆ ಹುಡುಗಿ ಸುಳ್ಳು ಹೇಳಿ ಬ್ಯಾನರ್ ಹಾಕಿಸಿಕೊಂಡಳಂತೆ. ನೀನು ಒಮ್ಮೆ ನನ್ನ ಮುಖ ನೋಡಿದೆ. ಯಾರ ಹೆಸರೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಆ ಕಳಂಕವನ್ನು ನೀನೊಬ್ಬಳೇ ಹೊತ್ತೆ.

ಮೊನ್ನೆ ನಿಮ್ಮ ತಂಡ ಮತ್ತೆ ವಿದೇಶದಲ್ಲಿ ಕಣಕ್ಕಿಳಿಯಿತು. ನಿಮ್ಮವಳೊಬ್ಬಳು ಬಿದ್ದಳು, ನೀನು ಧಾವಿಸಿ ಅವಳ ಕೈ ಮುಟ್ಟಿ ಸರದಿ ಪಡೆದು ಓಟ ಮುಂದುವರಿಸಿದೆ. ಎಲ್ಲರಿಗಿಂತ ಕೊನೆಗೆ ಗೆರೆ ದಾಟಿದಿರಿ. ಈ ಸಲ ಯಾರೂ ತೆಗೆದುಹಾಕಲಿಲ್ಲ, ಫಲಿತಾಂಶದಲ್ಲಿ ನಮ್ಮ ದೇಶದ ಹೆಸರು ನೆಟ್ಟಗೆ ಇತ್ತು. ನನ್ನ ಎದೆ ಉಬ್ಬಿತು ನೋಡು — ಕಂಚು ಬಂತೆಂದು ಕುಣಿದ ದಿನವೂ ಇಷ್ಟು ಉಬ್ಬಿರಲಿಲ್ಲ.

ಇವತ್ತು ಅದೇ ಕಂಬಗಳಿಗೆ ಹೊಸ ಬ್ಯಾನರ್ ಕಟ್ಟಿದ್ದೇನೆ: ‘ನಮ್ಮ ರೇಣುಕಾಳಿದ್ದ ಭಾರತ ತಂಡಕ್ಕೆ ಕೊನೆಯ ಸ್ಥಾನ. ಅಭಿನಂದನೆಗಳು.’

“ತಲಿ ಕೆಟ್ಟೈತೇನ ನಿನಗ? ಕೊನೇ ಸ್ಥಾನಕ್ಕ ಯಾರರ ಬ್ಯಾನರ್ ಹಾಕ್ತಾರ?” ಎಂದರು ಚಹದಂಗಡಿಯವರು.

“ನಾ ಹಾಕೇನ್ರಿ. ಹೋದ ಸಲದ್ದೂ ನಾನ ಹಾಕಿದ್ದು, ಆಕಿ ಹಾಕ್ಸಿದ್ದಲ್ಲ. ಆಕಿಗೆ ಗೊತ್ತ ಇರ್ಲಿಲ್ಲ” ಎಂದೆ.

ಶುಭ ಕೋರುವವರ ಸಾಲಿನಲ್ಲಿ ಈ ಸಲ ಗ್ರಾಮಸ್ಥರಿಲ್ಲ. ಒಂದೇ ಹೆಸರಿದೆ: ‘ಬಸವರಾಜ, ಸುಳ್ಳು ಬ್ಯಾನರ್ ಕಟ್ಟಿದ ಅಣ್ಣ.’ ನೀನು ಬಸ್ಸಿನಿಂದ ಇಳಿದ ಕೂಡಲೇ ಅದನ್ನು ಓದು. ನಾನು ಅದರ ಕೆಳಗೇ ನಿಂತಿರುತ್ತೇನೆ.