ಟ್ಯಾಂಕರ್ ಮೀಟರಿನ ಮೇಡಂ

ಮೇಡಂ ಅವರ ಬಲಗೈ ತೋರುಬೆರಳಿನ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿ ಹೊಳೆಯುತ್ತಿತ್ತು. ಸೋಲ್ಡರಿಂಗ್ ಮಾಡುವಾಗ ಚಿಮಟ ಹುಡುಕುವ ತಾಳ್ಮೆ ಅವರಿಗಿರಲಿಲ್ಲ. ಬಿಸಿ ತಂತಿಯನ್ನು ಬೆರಳಲ್ಲೇ ಒತ್ತಿಹಿಡಿಯುತ್ತಿದ್ದರು. ಬೀದರಿನ ಕಾಲೇಜಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು, ನಾನು ಅದೇ ಲ್ಯಾಬಿನ ಸಹಾಯಕ. ನಗು ಕಡಿಮೆ, ಮಾತು ನೇರ. ತಪ್ಪು ಉತ್ತರಕ್ಕೆ ಬೈಯುತ್ತಿರಲಿಲ್ಲ. ಯಾರಾದರೂ "ಅಂದಾಜು" ಎಂದರೆ ಮಾತ್ರ ಬಿಡುತ್ತಿರಲಿಲ್ಲ: "ಅಂದಾಜು ಅಂದ್ರ ಎಷ್ಟು, ಅದನ್ನ ಹೇಳ್ರಿ ಮೊದಲ."

ಮಳೆ ಮೇಲಿಂದ ಮೇಲೆ ಕೈಕೊಟ್ಟ ವರ್ಷಗಳವು. ಔರಾದ ಕಡೆಯ ಹಳ್ಳಿಗಳಿಗೆ ಟ್ಯಾಂಕರ್ ನೀರೇ ಗತಿ. ಟ್ಯಾಂಕರ್ ಅರ್ಧ ಖಾಲಿ ಬರುತ್ತದೆಂಬ ದೂರು ಹೆಚ್ಚಿದಾಗ, ನೀರು ಅಳೆಯುವ ಅಗ್ಗದ ಮೀಟರ್ ಮಾಡಿಕೊಡಲು ತಾಲ್ಲೂಕು ಕಚೇರಿಯವರು ಕಾಲೇಜನ್ನು ಕೇಳಿದರು.

ಅಗ್ಗಕ್ಕೆ ಸಿಕ್ಕ ಚಿಪ್ಪಿಗೆ ಪೂರ್ಣಾಂಕ ಬಿಟ್ಟು ಬೇರೆ ತಿಳಿಯದು. ದಶಾಂಶದ ಲೆಕ್ಕ ಮಾಡುವ ಭಾಗವೇ ಅದರಲ್ಲಿರಲಿಲ್ಲ. ಸಿದ್ಧ ಪ್ರೋಗ್ರಾಂ ಅದರ ಮೆಮರಿಯಲ್ಲಿ ಹಿಡಿಸಲಿಲ್ಲ. ಮೇಡಂ ತಾವೇ ಬರೆಯಲು ಕುಳಿತರು. ಪ್ರತಿ ಸಂಖ್ಯೆಯನ್ನೂ ಎರಡು ಪೂರ್ಣಾಂಕಗಳಾಗಿ ಇಟ್ಟರು: ಅಂಕಿಗಳು ಒಂದು ಕಡೆ, ದಶಾಂಶ ಬಿಂದು ಎಲ್ಲಿದೆಯೆಂಬುದು ಇನ್ನೊಂದು ಕಡೆ.

"ಭಿನ್ನ ಕೂಡಿಸೋ ಮುಂದ ಛೇದ ಒಂದ ಮಾಡ್ಕೋತೀವಲ್ರಿ, ಹಂಗೇ ಇದು. ಮೊದಲ ಪಾಯಿಂಟ್ ಸಾಲಿಗಿ ತರ್ರಿ, ಆಮ್ಯಾಲ ಕೂಡಸ್ರಿ."

ಲ್ಯಾಬಿನ ನಳಕ್ಕೆ ಹಚ್ಚಿ ನೋಡಿದೆವು. ಒಟ್ಟು ಲೆಕ್ಕ ದೊಡ್ಡದಾದಂತೆ, ಸಣ್ಣಗೆ ಹರಿದ ನೀರು ಅದಕ್ಕೆ ಸೇರುತ್ತಲೇ ಇರಲಿಲ್ಲ. ದೊಡ್ಡ ಸಂಖ್ಯೆಯ ಪಕ್ಕದಲ್ಲಿ ತೀರ ಸಣ್ಣದಕ್ಕೆ ಜಾಗ ಸಾಲದೆ ಉದುರಿಹೋಗುತ್ತಿತ್ತು.

"ಇಷ್ಟರಾಗ ಏನ್ ಹೋಗ್ತದ ಬಿಡ್ರಿ ಮೇಡಂ" ಅಂದೆ.

"ಟ್ಯಾಂಕರಿನವಂದು ಹೋಗ್ತದ, ಅವ ಕೊಟ್ಟ ನೀರು ಲೆಕ್ಕಕ್ಕ ಬರಂಗಿಲ್ಲ. ಅವನಿಗೂ ಅನ್ಯಾಯ ಆಗಬಾರದು" ಅಂದರು. ಉದುರಿದ್ದನ್ನು ಬೇರೆಯಾಗಿ ಕೂಡಿಟ್ಟು, ಸಾಕಷ್ಟಾದ ಮೇಲೆ ಒಟ್ಟಿಗೆ ಸೇರಿಸುವಂತೆ ಮತ್ತೆ ಬರೆದರು.

ಮೀಟರ್ ಟ್ಯಾಂಕರಿಗೆ ಏರಿತು. ಟ್ಯಾಂಕರ್ ಗುತ್ತಿಗೆದಾರ ಬಿಲ್ಲಿನಲ್ಲಿ ಹೇಳಿದ ನೀರಿಗೂ ಮೀಟರ್ ಪ್ರಕಾರ ಹಳ್ಳಿಯಲ್ಲಿ ಇಳಿದ ನೀರಿಗೂ ಭಾರಿ ವ್ಯತ್ಯಾಸ. ಕಚೇರಿಯವರು ಸಭೆ ಕರೆದರು. ಗುತ್ತಿಗೆದಾರ ಒಬ್ಬ ಎಂಜಿನಿಯರನನ್ನು ಕರೆತಂದಿದ್ದ.

"ಈ ಚಿಪ್ಪಿನಾಗ ಪಾಯಿಂಟ್ ಲೆಕ್ಕದ ಹಾರ್ಡ್‌ವೇರೇ ಇಲ್ರಿ. ಇದನ್ನ ಹ್ಯಾಂಗ ನಂಬ್ತೀರಿ?" ಅಂದ ಆತ. ಅಧಿಕಾರಿಗಳು ತಲೆದೂಗಿದರು.

ಮೇಡಂ ಎದ್ದುನಿಂತರು. "ಚಿಪ್ ಬಿಡ್ರಿ. ಹಳ್ಳಿಗಿ ನಡೀರಿ. ಮಂದಿ ಕೊಡದಾಗೇ ನೀರ ಹಾಕ್ರಿ, ಕೊಡ ಎಣಸ್ರಿ."

ಯಾರೂ ಕುರ್ಚಿ ಬಿಡಲಿಲ್ಲ. ಬೇಕಿದ್ದರೆ ಹಳ್ಳಿಯವರ ಹೇಳಿಕೆ ತನ್ನಿ ಎಂದರು ಅಧಿಕಾರಿಗಳು. ನಾವಿಬ್ಬರೇ ಬಸ್ ಹತ್ತಿ ಹೋದೆವು. ಓಣಿಯಲ್ಲಿ ಮನೆಮನೆಗೂ ಬೀಗ. ನೀರು ಸಾಲದೆ ಜನ ಹೈದರಾಬಾದ್ ಕಡೆ ಇಟ್ಟಂಗಿ ಭಟ್ಟಿಗೆ ಹೋಗಿಬಿಟ್ಟಿದ್ದರು. ಒಬ್ಬ ಕುರುಡಜ್ಜಿ ಉಳಿದಿದ್ದಳು. ಟ್ಯಾಂಕರ್ ತುಂಬಿತ್ತೋ ಇಲ್ಲವೋ ಅವಳೇನು ಹೇಳಿಯಾಳು?

"ಸಾಕ್ಷಿ ಹೇಳೋರನ್ನೇ ಊರ ಬಿಡಿಸ್ಯಾರ್ರಿ" ಅಂದರು ಮೇಡಂ.

ಮೀಟರ್ ದೋಷವುಳ್ಳದ್ದೆಂದು ಬರೆದುಕೊಡಲು ಪ್ರಾಂಶುಪಾಲರು ಕೇಳಿದರು. ಮೇಡಂ ಒಪ್ಪಲಿಲ್ಲ. ಮುಂದಿನ ವರ್ಷ ಅವರಿಗೆ ಕೆಲಸವಿರಲಿಲ್ಲ. ಭಾಲ್ಕಿಯ ತಮ್ಮನ ಮನೆಗೆ ಹೋಗಿ, ಒಂದು ಸಣ್ಣ ಸಾಲೆಯಲ್ಲಿ ಗಣಿತ ಕಲಿಸಿದರು. ಕೆಲವೇ ವರ್ಷಗಳಲ್ಲಿ ಹೊಟ್ಟೆಯ ಗಡ್ಡೆ ಅವರನ್ನು ಹಾಸಿಗೆಗೆ ಕೆಡವಿತು. ನೋಡಲು ಹೋದಾಗ ಕೇಳಿದ್ದು ಒಂದೇ: "ಆ ಮಂದಿ ತಿರುಗಿ ಬಂದಾರೇನ್ರಿ?"

ಕೆಲವರು ಬಂದಿದ್ದರು, ಬಹಳ ಮಂದಿ ಬಂದಿರಲಿಲ್ಲ. ಇದ್ದದ್ದನ್ನೇ ಹೇಳಿದೆ. ಅವರಿಗೆ ಸುಳ್ಳು ಹೇಳುವುದು ನನ್ನಿಂದಾಗುತ್ತಿರಲಿಲ್ಲ.

ಭಾಲ್ಕಿಯ ಕ್ರಿಶ್ಚಿಯನ್ ಸ್ಮಶಾನದಲ್ಲಿ ಮೇಡಂ ಅವರನ್ನು ಮಣ್ಣು ಮಾಡಿದ ದಿನ, ಪ್ರಾಂಶುಪಾಲರು ನನ್ನ ಕೈಯಲ್ಲಿ ಕಾಲೇಜಿನ ಹೆಸರಿದ್ದ ದೊಡ್ಡ ಹಾರ ಕಳಿಸಿದ್ದರು. ಮೇಡಂ ಅವರ ತಮ್ಮ ಆ ಹೆಸರನ್ನು ಓದಿ, ಹಾರವನ್ನು ಮೆಲ್ಲಗೆ ನನ್ನ ಕೈಗೇ ತಿರುಗಿ ಇಟ್ಟರು.

"ನೀವು ಬಂದೀರಿ, ಸಾಕ್ರಿ. ಇದನ್ನ ಅವರಿಗೇ ಕೊಡ್ರಿ."

ಆ ಹಾರ ಹಿಡಿದುಕೊಂಡೇ ನಾನು ಬೀದರಿನ ಬಸ್ ಹತ್ತಿದೆ.