‘ಪ್ರೊಸೀಡ್’ ಬರುವ ತನಕ

ಕೊರೊನಾ ಮುಗಿದ ಮರುವರ್ಷ ನಾನು ಭಾಲ್ಕಿಯಲ್ಲಿ ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದೆ. ಸರ್ಕಾರಿ ನೌಕರಿಯಲ್ಲ; ರೈತರ ಮನೆಬಾಗಿಲಿಗೇ ಹೋಗಿ ದನಗಳಿಗೆ ಚಿಕಿತ್ಸೆ ಕೊಡುವ ಒಂದು ಖಾಸಗಿ ಸಂಸ್ಥೆ. ಕಚೇರಿ ಬೀದರಿನ ಚಿದ್ರಿಯಲ್ಲಿ. ಭಾಲ್ಕಿಗೆ ನಾನು, ಔರಾದಿಗೆ ಡಾ. ಮಲ್ಲಿಕಾರ್ಜುನ, ನಮ್ಮಿಬ್ಬರ ಮೇಲೆ ಜಗನ್ನಾಥ ಸಾಹೇಬರು.

ಸಾಹೇಬರೂ ವೈದ್ಯರೇ, ಕೆಟ್ಟ ಮನುಷ್ಯರೂ ಅಲ್ಲ. ಹಿಂದೊಮ್ಮೆ ಚಿಕಿತ್ಸೆಯ ಹೊತ್ತಿನಲ್ಲಿ ಯಾರದೋ ಎಮ್ಮೆ ಸತ್ತು, ಊರವರು ಕಚೇರಿಗೆ ಬಂದು ಗದ್ದಲ ಮಾಡಿದ್ದರಂತೆ. ಅಂದಿನಿಂದ ಒಂದು ನಿಯಮ: ದನದ ಮೈ ಮುಟ್ಟುವ ಮೊದಲು ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕಬೇಕು, ಸಾಹೇಬರಿಂದ ‘ಪ್ರೊಸೀಡ್’ ಅಂತ ಬಂದ ಮೇಲೆಯೇ ಕೈ ಹಚ್ಚಬೇಕು. ಸಿರಿಂಜಿನ ಫೋಟೊ, ಕೈಗವಸಿನ ಫೋಟೊ, ಕೊನೆಗೆ ಗಾಡಿ ನಿಲ್ಲಿಸಿದ ಜಾಗದ್ದೂ ಫೋಟೊ. ಬೇವಿನ ನೆರಳಿಗೆ ಗಾಡಿ ನಿಲ್ಲಿಸಿದ್ದಕ್ಕೆ ‘ವಿಶ್ರಾಂತಿಯೇ?’ ಎಂದು ಕೇಳಿಸಿಕೊಂಡವಳು ನಾನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತಲ್ಲ, ಆ ಜಾತಿಯ ಉತ್ತರಗಳು ಬೇರೆ. ಹೋರಿಯ ಕಾಲಿನ ಗಾಯದ ಫೋಟೊ ಕಳಿಸಿದರೆ ಗಬ್ಬ ಎಷ್ಟು ತಿಂಗಳದ್ದು ಅಂತ ಕೇಳಿದ್ದರು.

ಮಲ್ಲಿಕಾರ್ಜುನನಿಗೆ ಈ ಕಾಟವಿರಲಿಲ್ಲ. ಅವನು ತಿರುಗುವ ಗಡಿಯ ತಾಂಡಾಗಳಲ್ಲಿ ಫೋನಿಗೆ ರೇಂಜೇ ಇಲ್ಲ. ದಿನದ ಫೋಟೊಗಳೆಲ್ಲ ಅವನು ಸಂಜೆ ಔರಾದ ಮುಟ್ಟಿದ ಮೇಲೆ ಒಟ್ಟಿಗೆ ಬಂದು ಬೀಳುತ್ತಿದ್ದವು. ಬೀದರಿನ ಮೀಟಿಂಗಿನಲ್ಲಿ ಸಿಕ್ಕಾಗ ಅದನ್ನೇ ಕೇಳಿದೆ.

“ರೇಂಜ್ ಎಲ್ಲಿ ಅದರಿ ಮೇಡಂ ಅಲ್ಲಿ? ಆಕಳ ಈದು, ಕರ ಎದ್ದು ಹಾಲು ಕುಡದ ಮ್ಯಾಲ ನನಗ ಪ್ರೊಸೀಡ್ ಬರ್ತದ,” ಅಂದು ನಕ್ಕ.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇಬ್ಬರೂ ಓದಿದ್ದು ಒಂದೇ ಕಾಲೇಜಿನಲ್ಲಿ, ಅಂಕ ನನ್ನವೇ ಹೆಚ್ಚು. ಆದರೂ ಜನ ಹೊಗಳುವುದು ಅವನ ಕೈಗುಣವನ್ನು. ಅವನು ಔರಾದಿನಲ್ಲಿ ಡಾಕ್ಟರ್, ನಾನು ಭಾಲ್ಕಿಯಲ್ಲಿ ಫೋಟೊಗ್ರಾಫರ್. ಹಟ ಹಿಡಿದು, ಸಾಹೇಬರ ಬೆನ್ನು ಬಿದ್ದು, ಔರಾದಿಗೆ ಹಾಕಿಸಿಕೊಂಡೆ. ಅವನನ್ನು ಭಾಲ್ಕಿಗೆ ತಂದರು. ಬೇಯಲಿ ಈಗ ಅವನೂ ಅಂತ ಮನಸ್ಸಿನಲ್ಲಿ ಅಂದುಕೊಂಡದ್ದು ಸುಳ್ಳಲ್ಲ.

ಔರಾದಿನಲ್ಲಿ ನನ್ನ ಕೈಗೆ ಜೀವ ಬಂತು. ಆದರೆ ಹೋದ ಹೋದಲ್ಲಿ, ಹಿಂದಿನ ಡಾಕ್ಟರ್ ಸಾಹೇಬರು ಹೀಂಗ ಮಾಡ್ತಿದ್ರು, ಹಾಂಗ ಮಾಡ್ತಿದ್ರು ಎಂಬ ಪುರಾಣ. ಸ್ಟೂಲ್ ಕೊಟ್ಟರೂ ಅವನು ಕೂತ ಸ್ಟೂಲ್ ಅಂತ ಹೇಳಿಯೇ ಕೊಡುತ್ತಿದ್ದರು. ಹೊಟ್ಟೆಕಿಚ್ಚು ಆರಲಿಲ್ಲ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ಔರಾದಿನಲ್ಲಿ ಊಟಕ್ಕೆ ಕೂತಿದ್ದಾಗ ಅವನ ಫೋನ್ ಬಂತು. ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ, ಕಾಶೀಬಾಯಿ ಎಂಬವರ ಹಟ್ಟಿಯಲ್ಲಿದ್ದ. ಕರುವಾಗಿದ್ದಾಗಿನಿಂದ ಆಕೆ ಸಾಕಿದ ದೇವಣಿ ತಳಿಯ ಆಕಳು, ಈಯುತ್ತಿದ್ದುದು ಚೊಚ್ಚಲು. ಒಳಗೆ ಕರುವಿನ ತಲೆ ಪಕ್ಕಕ್ಕೆ ಹೊರಳಿತ್ತು. ಇಂಥದ್ದರಲ್ಲಿ ಕರುವನ್ನು ಹಿಂದಕ್ಕೆ ತಳ್ಳಿ, ತಲೆ ತಿರುಗಿಸಿ, ಬೇಗ ಎಳೆಯಬೇಕು. ತಡವಾದರೆ ಕರು ಹೋಗುತ್ತದೆ, ಆಮೇಲೆ ತಾಯಿಯೂ. ಔರಾದಿನಲ್ಲಿ ಇಂಥ ಎಷ್ಟೋ ಕರುಗಳನ್ನು ಎಳೆದವನು ಅವನು; ರೇಂಜ್ ಇದ್ದ ಭಾಲ್ಕಿಗೆ ಬಂದ ಮೇಲೆ ಅವನೂ ಪ್ರೊಸೀಡ್ ಕಾಯುವವನಾಗಿದ್ದ. ಸಾಹೇಬರು ಕಲಬುರಗಿಯಲ್ಲಿ ಸಭೆಯಲ್ಲಿದ್ದರು, ಫೋನ್ ಬಂದ್.

“ಮೇಡಂ, ಫೋಟೊ ಹಾಕಿ ಬಾಳ ಹೊತ್ತಾತ್ರಿ, ಪ್ರೊಸೀಡ್ ಬಂದಿಲ್ಲ. ನೀವು ಹೇಳ್ತೀರೇನ್ರಿ, ಕೈ ಹಾಕ್ಲ್ಯಾ?”

ಅವನು ನನ್ನನ್ನು ಕೇಳಬೇಕು ಅಂತ ಎಷ್ಟು ದಿನದ ಆಸೆ ನನ್ನದು! ಕೇಳಿದಾಗ ತಟ್ಟೆ ಪಕ್ಕಕ್ಕೆ ಸರಿಸಿದೆ. ಹಿಂದೆ ಕಾಶೀಬಾಯಿಯ ದನಿ ಕೇಳುತ್ತಿತ್ತು: “ಕೈ ತೊಳಕೊಂಡು ನಿಂತಾರವ್ವ. ಫೋನ್ ನೋಡ್ತಾರ, ನನ್ನ ಆಕಳ ನೋಡವಲ್ರು.”

“ಫೋನ್ ಆ ಕಾಶೀಬಾಯಿ ಕೈಯಾಗ ಕೊಡ್ರಿ,” ಅಂದೆ. “ನಿಮ್ಮ ಕೈ ಒಳಗ ಹಾಕ್ರಿ.”

ಫೋನ್ ಕಾಶೀಬಾಯಿಯ ಕೈಯಲ್ಲಿ ಹಾಗೇ ಇತ್ತು. ಆಕಳು ನರಳುವುದು, ಅವನು ಹಗ್ಗ ಕೇಳುವುದು, ಯಾರೋ ಎಳಿರಿ ಎಳಿರಿ ಅನ್ನುವುದು ಎಲ್ಲ ಕೇಳಿಸಿತು. ಆಕಳು ಉಳಿಯಿತು. ಕರು ಸತ್ತೇ ಹುಟ್ಟಿತು, ಹೆಣ್ಣುಗರು.

ಮರುದಿನ ಗುಂಪಿನಲ್ಲಿ ಸಾಹೇಬರು ಕೇಳಿದ್ದು ಒಂದೇ: ಪ್ರೊಸೀಡ್ ಇಲ್ಲದೆ ಕೈ ಹಾಕಿದ್ದೇಕೆ? ನನ್ನ ಮಾತಿಗೆ ಹಾಕಿದ ಅಂತ ಬರೆಯಲು ಫೋನ್ ತೆಗೆದುಕೊಂಡೆ. ಅಷ್ಟರಲ್ಲಿ ಮಲ್ಲಿಕಾರ್ಜುನನ ಉತ್ತರ ಬಂದಿತ್ತು: ‘ತಪ್ಪಾಯ್ತು ಸರ್, ಇನ್ನೊಮ್ಮೆ ಆಗಲ್ಲ.’

ಅವನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಅವತ್ತು ಹೋಯಿತು. ಖುಷಿಯೇನೂ ಆಗಲಿಲ್ಲ. ಕರುಬುವಂಥದ್ದು ಅವನಲ್ಲಿ ಏನೂ ಉಳಿದಿರಲಿಲ್ಲ, ಅಷ್ಟೇ. ಕೆಲವು ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಈಗ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ಪಶು ಆಹಾರದ ಅಂಗಡಿ ಇಟ್ಟಿದ್ದಾನೆ. ದನ ಮುಟ್ಟುವುದಿಲ್ಲ.

ಸಾಹೇಬರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಆ ನಿಯಮ ತೆಗೆದುಹಾಕಿದ್ದೇನೆ. ನನ್ನ ಕೈಕೆಳಗಿನ ಹೊಸ ಡಾಕ್ಟರುಗಳು ಯಾರನ್ನೂ ಕೇಳದೆ ಕರು ಎಳೆದು, ನಗುತ್ತ ಬಂದು ಸುದ್ದಿ ಹೇಳುತ್ತಾರೆ. ನನಗೂ ಮಲ್ಲಿಕಾರ್ಜುನನಿಗೂ ಭಾಲ್ಕಿಯಲ್ಲಿ ಸಿಗದ್ದು ಇವರಿಗೆ ಪುಕ್ಕಟೆ ಸಿಕ್ಕಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಉರಿಯಲಿ. ಮೇಲಿನವರು ಕಲಿಯಬೇಕಾದದ್ದು ಆ ಉರಿಯನ್ನು ನುಂಗಿಕೊಂಡು ಸುಮ್ಮನೆ ಕೂರುವುದನ್ನು. ಅವರ ಕೈ ಒಳಗಿರುವಾಗ ನಾನು ಫೋನ್ ಮಾಡುವುದಿಲ್ಲ.